ಅರಿವಿಗೆ ಬಾರದ ಮುಖಗಳು

ಸಿದ್ದಾಪುರ ತಾಲ್ಲೂಕಿನ ಬಿಳಗಿಯ ಸುತ್ತಮುತ್ತ ಅಡಕೆಯ ತೋಟವೇ ಅನೇಕರಿಗೆ ಜೀವನಾಧಾರ. ಒಣಗಿಸಿ ಸುಲಿದ ಚಾಲಿಯನ್ನು ಇಂದೇ ಮಾರಬೇಕೆ, ಇನ್ನೊಂದು ತಿಂಗಳು ಕಾಯಬೇಕೆ ಎಂಬುದು ಅಲ್ಲಿಯ ಬೆಳೆಗಾರನಿಗೆ ಸಣ್ಣ ಪ್ರಶ್ನೆಯಲ್ಲ. ವರ್ಷದ ದುಡಿಮೆಯ ಫಲ ಅದರಲ್ಲಿ ಅಡಗಿದೆ. ಅವನು ಪೇಟೆಯ ಧಾರಣೆಯನ್ನು ವಿಚಾರಿಸುತ್ತಾನೆ. ಮನೆಯ ಖರ್ಚನ್ನು ಲೆಕ್ಕ ಹಾಕುತ್ತಾನೆ. ಬಳಿಕ ಒಂದು ತೀರ್ಮಾನಕ್ಕೆ ಬರುತ್ತಾನೆ. ಆ ತೀರ್ಮಾನಕ್ಕೆ ಲೆಕ್ಕವೊಂದೇ ಕಾರಣವೆಂದು ಅವನ ನಂಬಿಕೆ. ಆದರೆ ಕಣ್ಣಮುಂದೆ ಸುಳಿದು ಮರೆಯಾದ ಒಂದು ಮುಖವೂ, ಅದನ್ನು ಕಂಡ ಅರಿವೇ ಇಲ್ಲದಿದ್ದರೂ, ಮನಸ್ಸನ್ನು ಒಂದು ಕಡೆಗೆ ವಾಲಿಸಬಲ್ಲುದೆ? ಮನಶ್ಶಾಸ್ತ್ರಜ್ಞರು ಈ ಪ್ರಶ್ನೆಯನ್ನು ಪ್ರಯೋಗಗಳಿಂದ ಪರೀಕ್ಷಿಸಿದ್ದಾರೆ.

ಮಾತು ಕಲಿಯುವ ಮೊದಲೇ ಮಗು ತಾಯಿಯ ಮುಖವನ್ನು ಓದುತ್ತದೆ. ಯಕ್ಷಗಾನದ ವೇಷಧಾರಿ ಹುಬ್ಬು ಗಂಟಿಕ್ಕಿದೊಡನೆ, ಅರ್ಥಗಾರಿಕೆಗೆ ಮುನ್ನವೇ ಕೋಪವು ಪ್ರೇಕ್ಷಕನನ್ನು ಮುಟ್ಟುತ್ತದೆ. ಈ ಓದು ಎಷ್ಟು ಶೀಘ್ರವೆಂದರೆ, ಅರಿವು ಎಚ್ಚರಗೊಳ್ಳುವಷ್ಟರಲ್ಲಿ ಅದು ಮುಗಿದಿರುವುದೂ ಉಂಟು.

1993ರಲ್ಲಿ ಶೀಲಾ ಮರ್ಫಿ ಮತ್ತು ರಾಬರ್ಟ್ ಜಾಯನ್ಸ್ ಎಂಬ ಅಮೆರಿಕದ ವಿದ್ವಾಂಸರು ತಮ್ಮ ಪ್ರಯೋಗದ ವಿವರಗಳನ್ನು ಪ್ರಕಟಿಸಿದರು. ಅವರು ಚೀನೀ ಲಿಪಿಯ ಅಕ್ಷರಗಳನ್ನು, ಆ ಲಿಪಿಯನ್ನು ಅರಿಯದವರಿಗೆ ತೋರಿಸಿ, ಪ್ರತಿಯೊಂದೂ ಎಷ್ಟು ಹಿಡಿಸಿತೆಂದು ಕೇಳಿದರು. ಅಕ್ಷರಕ್ಕೆ ಮುನ್ನ ನಗುವ ಅಥವಾ ಕೋಪದ ಮುಖವೊಂದು ಸೆಕೆಂಡಿನ ಸಾವಿರದಲ್ಲಿ 4 ಭಾಗದಷ್ಟು ಕಾಲ ಮಾತ್ರ ಮಿಂಚಿ ಹೋಗುತ್ತಿತ್ತು. ಅದು ಯಾರ ಅರಿವಿಗೂ ಬರಲಿಲ್ಲ. ಆದರೂ ನಗುಮುಖದ ಹಿಂದೆ ಬಂದ ಅಕ್ಷರಗಳೇ ಹೆಚ್ಚು ಹಿಡಿಸಿದವು. ಅದೇ ಮುಖವನ್ನು ಒಂದು ಸೆಕೆಂಡಿನಷ್ಟು ಕಾಲ ಸ್ಪಷ್ಟವಾಗಿ ತೋರಿಸಿದಾಗ ಈ ಪ್ರಭಾವ ಕಾಣಲಿಲ್ಲ!

2005ರಲ್ಲಿ ವಿಂಕೆಲ್‌ಮನ್ ಮತ್ತು ಸಂಗಡಿಗರು ಇನ್ನೊಂದು ಪ್ರಯೋಗವನ್ನು ವರದಿ ಮಾಡಿದರು. ನಗುಮುಖ ಮಿಂಚಿಹೋದ ಬಳಿಕ ಬಾಯಾರಿದವರು ಪಾನೀಯವನ್ನು ಹೆಚ್ಚು ಸುರಿದುಕೊಂಡು ಹೆಚ್ಚು ಕುಡಿದರು; ಕೋಪದ ಮುಖದ ಬಳಿಕ ಕಡಿಮೆ ಕುಡಿದರು. ವಿಚಾರಿಸಿದಾಗ, ತಮ್ಮ ಮನಸ್ಸಿನಲ್ಲಿ ಯಾವ ಬದಲಾವಣೆಯನ್ನೂ ಅವರು ಗುರುತಿಸಲಿಲ್ಲ. ಬಾಯಾರದವರ ಮೇಲೆ ಈ ಪರಿಣಾಮ ಕಾಣಲಿಲ್ಲ.

ಇದರಿಂದ ಎರಡು ಸಂಗತಿಗಳು ತಿಳಿಯುತ್ತವೆ. ಕಾಣದ ಮುಖವು ಇಲ್ಲದ ಬಯಕೆಯನ್ನು ಹುಟ್ಟಿಸದು. ಇರುವ ಬಯಕೆಯನ್ನು ತುಸು ಹೆಚ್ಚಿಸುತ್ತದೆ ಅಥವಾ ತಗ್ಗಿಸುತ್ತದೆ. ಎರಡನೆಯದಾಗಿ, ಭಾವದ ಮೂಲ ತಿಳಿದಾಗ ಮನುಷ್ಯನು ಅದನ್ನು ಬದಿಗಿಡಬಲ್ಲನು; ಮೂಲ ತಿಳಿಯದಾಗ ಆ ಭಾವವು ಎದುರಿಗಿರುವ ವಸ್ತುವಿಗೆ ಅಂಟಿಕೊಳ್ಳುತ್ತದೆ.

ಮುಖವನ್ನು ದೂರವಿರಿಸುವ ಏರ್ಪಾಡುಗಳು ಸಮಾಜದಲ್ಲಿ ಇಲ್ಲದಿಲ್ಲ. ಶಿರಸಿಯ ಅಡಕೆ ಪೇಟೆಯ ಟೆಂಡರ್ ಪದ್ಧತಿಯಲ್ಲಿ ವ್ಯಾಪಾರಿಯು ಮಾಲನ್ನು ಪರೀಕ್ಷಿಸಿ, ತನ್ನ ಧಾರಣೆಯನ್ನು ಇತರರಿಗೆ ತಿಳಿಯದಂತೆ ನಮೂದಿಸುತ್ತಾನೆ. ಎದುರಾಳಿಯ ಹುಬ್ಬನ್ನು ನೋಡುತ್ತ ಕೂಗಿ ಬೆಲೆ ಏರಿಸುವುದಿಲ್ಲ. ಹತ್ತನೆಯ ತರಗತಿಯ ಉತ್ತರಪತ್ರಿಕೆಯಲ್ಲಿ ವಿದ್ಯಾರ್ಥಿಯ ಮುಖವಿಲ್ಲ, ಬರಹವಿದೆ.

ಆದರೆ ಗೆಳೆಯನನ್ನು ಆರಿಸುವಾಗ, ಒಬ್ಬನು ತಪ್ಪಿತಸ್ಥನೆಂದು ಭಾವಿಸುವಾಗ ಇಂಥ ಏರ್ಪಾಡು ಇರುವುದಿಲ್ಲ. ಅಲ್ಲಿ ಕ್ಷಣಕಾಲ ನಿಂತು, ‘ಇವನು ನನಗೇಕೆ ಹಿಡಿಸಲಿಲ್ಲ? ಇವನು ಮಾಡಿದ್ದೇನು?’ ಎಂದು ಕೇಳಿಕೊಳ್ಳುವುದು ವಿವೇಕ. ಉತ್ತರವಾಗಿ ಒಂದು ಕೆಲಸವನ್ನಾದರೂ ಹೆಸರಿಸಲಾಗದಿದ್ದರೆ, ತೀರ್ಪನ್ನು ಮುಂದೂಡುವುದೇ ನ್ಯಾಯ.