‘ಬಿಡಿಯಾಗಿ ಬರಲ್ಲ ಸಾರ್’: ಒಂದು ಡಿಕ್ಕಿ ಪರದೆ ಮತ್ತು ನಮ್ಮ ರಿಪೇರಿ ಹಕ್ಕು

ಮೈಸೂರಿನಲ್ಲಿ ‘ಎಸ್ಟೇಟ್ ಕಾರು’ ಅಂದ್ರೆ ಬಹಳ ಜನಕ್ಕೆ ಕೊಡಗಿನ ಕಾಫಿ ಎಸ್ಟೇಟಿನ ಜೀಪು ನೆನಪಾಗುತ್ತೆ. ವಾಹನ ಮಾರುಕಟ್ಟೆಯಲ್ಲಿ ಅದರ ಅರ್ಥ ಬೇರೆ. ಸೆಡಾನ್ ಕಾರಿನ ಛಾವಣಿಯನ್ನು ಹಿಂದಿನ ತುದಿಯವರೆಗೂ ಚಾಚಿ, ಡಿಕ್ಕಿಯನ್ನು ಚಿಕ್ಕ ಕೋಣೆಯಷ್ಟು ದೊಡ್ಡದು ಮಾಡಿದರೆ ಅದು ಎಸ್ಟೇಟ್. ಮಾರುತಿ ಬಲೆನೊ ಆಲ್ಟುರಾ, ಟಾಟಾ ಇಂಡಿಗೊ ಮರೀನಾ, ಸ್ಕೋಡಾ ಆಕ್ಟೇವಿಯಾ ಕಾಂಬಿ ನಮ್ಮ ದೇಶದಲ್ಲಿ ಬಂದುಹೋದ ಇಂಥ ಕಾರುಗಳು. ಯಾವುದೂ ಹೆಚ್ಚು ದಿನ ನಿಲ್ಲಲಿಲ್ಲ, ಜನ ಎಸ್‌ಯುವಿ ಕಡೆ ಹೊರಟರು.

ನನ್ನ ಸೋದರಮಾವನ ಹತ್ತಿರ ಕೆಎ-09 ನಂಬರಿನ ಹಳೇ ಎಸ್ಟೇಟ್ ಕಾರೊಂದು ಇನ್ನೂ ಇದೆ. ಡಿಕ್ಕಿಯಲ್ಲಿಟ್ಟ ಸಾಮಾನು ಹೊರಗಿನವರ ಕಣ್ಣಿಗೆ ಬೀಳದಂತೆ ಎಳೆದು ಮುಚ್ಚುವ ಸುರುಳಿ ಪರದೆಯೊಂದು ಅದರಲ್ಲಿದೆ. ಕಳೆದ ವರ್ಷ ಅದು ಕೆಟ್ಟಿತು. ಎಳೆದರೆ ಬರುತ್ತೆ, ಬಿಟ್ಟರೆ ವಾಪಸ್ ಹೋಗಲ್ಲ, ಒದ್ದೆ ಬಟ್ಟೆ ಥರ ಜೋತು ಬೀಳುತ್ತೆ. ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ಕೇಳಿದರೆ ಒಂದೇ ಉತ್ತರ: “ಸ್ಪ್ರಿಂಗ್ ಬಿಡಿಯಾಗಿ ಬರಲ್ಲ ಸಾರ್. ಫುಲ್ ಅಸೆಂಬ್ಲಿನೇ ಹಾಕಿಸ್ಬೇಕು. ಅದೂ ಈ ಮಾಡೆಲ್‌ಗೆ ಈಗ ಸ್ಟಾಕ್ ಇಲ್ಲ.”

ಅಂದ್ರೆ ರಿಪೇರಿಯೂ ಇಲ್ಲ, ಹೊಸದೂ ಇಲ್ಲ. ಯಾವ ಕಂಪನಿ ಅನ್ನೋದು ಇಲ್ಲಿ ಮುಖ್ಯವಲ್ಲ. ಈ ಉತ್ತರವನ್ನು ಫೋನು, ಮಿಕ್ಸಿ, ವಾಷಿಂಗ್ ಮಷೀನ್ ರಿಪೇರಿಗೆ ಹೋದಾಗ ನೀವೂ ಕೇಳಿರ್ತೀರಿ.

ಒಳಗೆ ಇರೋದು ಅಂಗಡಿ ಶಟರ್

ಹಾಗಾದ್ರೆ ಬಿಚ್ಚಲಾಗದಂಥದ್ದು ಒಳಗೆ ಏನಿದೆ? ಸಯ್ಯಾಜಿರಾವ್ ರಸ್ತೆಯಲ್ಲಿ ಬೆಳಿಗ್ಗೆ ಅಂಗಡಿ ಬಾಗಿಲು ಎತ್ತುವುದನ್ನು ನೋಡಿದ್ದೀರಲ್ಲ? ಭಾರದ ತಗಡಿನ ಶಟರ್ ಒಬ್ಬರ ಕೈಗೆ ಸಲೀಸಾಗಿ ಮೇಲೇರೋದು ಮೇಲಿನ ಸ್ಪ್ರಿಂಗಿನಿಂದ. ಶಟರ್ ಇಳಿಸುವಾಗ ಸ್ಪ್ರಿಂಗ್ ಸುತ್ತಿಕೊಳ್ಳುತ್ತೆ, ಎತ್ತುವಾಗ ಅದೇ ಬಲ ವಾಪಸ್ ಸಿಗುತ್ತೆ.

ಡಿಕ್ಕಿ ಪರದೆಯೂ ಇದೇ ತತ್ವದ್ದು, ಗಾತ್ರ ಮಾತ್ರ ಚಿಕ್ಕದು. ಹಿಂದಿನ ಸೀಟಿನ ಬೆನ್ನಿಗೆ ಅಡ್ಡಲಾಗಿ ಒಂದು ಉದ್ದನೆಯ ಡಬ್ಬಿ. ಅದರೊಳಗೆ ಟೊಳ್ಳು ಕೊಳವೆ, ಕೊಳವೆಗೆ ಸುತ್ತಿದ ರೆಕ್ಸಿನ್ ಹಾಳೆ. ಕೊಳವೆಯ ಒಳಗೆ ಉದ್ದನೆಯ ಸ್ಪ್ರಿಂಗ್. ಸ್ಪ್ರಿಂಗಿನ ಒಂದು ತುದಿ ಕೊಳವೆಗೆ, ಇನ್ನೊಂದು ತುದಿ ತಿರುಗದ ಸರಳಿಗೆ. ಆ ಸರಳನ್ನು ತಿರುಗದಂತೆ ಹಿಡಿದಿಡೋದು ಡಬ್ಬಿಯ ಕೊನೆಯ ಪ್ಲಾಸ್ಟಿಕ್ ಮುಚ್ಚಳ.

ವರ್ಷಗಟ್ಟಲೆ ಬಿಸಿಲಿಗೆ ನಿಂತ ಕಾರಿನಲ್ಲಿ ಮೊದಲು ಕೈಕೊಡೋದು ಬಹುಪಾಲು ಈ ಪ್ಲಾಸ್ಟಿಕ್ಕೇ. ಮುಚ್ಚಳ ಸೀಳಿದರೆ ಸರಳು ಸಡಿಲವಾಗಿ ಗಿರ್ರನೆ ತಿರುಗುತ್ತೆ, ಸ್ಪ್ರಿಂಗಿನ ಬಿಗಿ ಪೂರ್ತಿ ಇಳಿದುಹೋಗುತ್ತೆ. ನಾವು ‘ಸ್ಪ್ರಿಂಗ್ ಹೋಯ್ತು’ ಅಂದ್ಕೋತೀವಿ. ನಿಜವಾಗಿ ಹೋಗಿರೋದು ಬೆರಳುದ್ದದ ಪ್ಲಾಸ್ಟಿಕ್.

ರಿಪೇರಿ ಆದದ್ದು ಹೀಗೆ

ಬನ್ನಿಮಂಟಪದ ಕಡೆ ಸೀಟ್ ಕವರ್ ಹೊಲಿಯುವವರೊಬ್ಬರಿಗೆ ಮಾವ ಅದನ್ನು ತೋರಿಸಿದರು. “ಬಿಟ್ಟೋಗಿ ಅಣ್ಣ, ಬಿಚ್ಚಿ ನೋಡ್ತೀನಿ” ಅಂದರು. ಡಬ್ಬಿಯ ಒಂದು ತುದಿಯನ್ನು ಒಳಕ್ಕೆ ಒತ್ತಿದರೆ ಸಾಕು, ಇಡೀ ಪರದೆ ಕಾರಿನಿಂದ ಹೊರಬರುತ್ತೆ. ಮುಚ್ಚಳದ ಸ್ಕ್ರೂ ತೆಗೆಯುವಾಗ ಅವರು ಸರಳನ್ನು ಇಕ್ಕಳದಲ್ಲಿ ಬಿಗಿಯಾಗಿ ಹಿಡಿದಿದ್ದರು. ಸ್ಪ್ರಿಂಗಿನಲ್ಲಿ ಅಲ್ಪಸ್ವಲ್ಪ ಬಿಗಿ ಉಳಿದಿದ್ದರೂ ಅದು ಒಮ್ಮೆಲೇ ಬಿಚ್ಚಿಕೊಂಡು ಬೆರಳಿಗೆ ಹೊಡೆಯುತ್ತೆ. ಮನೆಯಲ್ಲಿ ಮಾಡೋರು ಇದೊಂದನ್ನು ಮರೀಬಾರದು.

ಒಡೆದ ಮುಚ್ಚಳದ ಅಳತೆ ಹಿಡಿದು ಹೆಬ್ಬಾಳ ಕೈಗಾರಿಕಾ ಪ್ರದೇಶದ ಲೇತ್ ಅಂಗಡಿಯಲ್ಲಿ ಅಲ್ಯೂಮಿನಿಯಂ ತುಂಡೊಂದನ್ನು ಕಡೆಸಿದರು. ಸರಳಿನ ಚಪ್ಪಟೆ ತುದಿ ಕೂರುವಂತೆ ನಡುವೆ ಗಾಡಿ ತೆಗೆಸಿ, ಹಳೇ ಮುಚ್ಚಳದೊಳಗೆ ಕೂರಿಸಿ ರಿವೆಟ್ ಹೊಡೆದರು. ಆಮೇಲೆ ಹಾಳೆಯನ್ನು ಪೂರ್ತಿ ಸುತ್ತಿಟ್ಟು, ಸರಳನ್ನು ಇಕ್ಕಳದಿಂದ ಕೆಲವು ಸುತ್ತು ತಿರುಗಿಸಿ ಸ್ಪ್ರಿಂಗ್ ಬಿಗಿ ಮಾಡಿದರು. ಎಷ್ಟು ಸುತ್ತು ಅನ್ನೋದು ಕಾರಿನಿಂದ ಕಾರಿಗೆ ಬೇರೆ. ಎಳೆದು ಬಿಟ್ಟಾಗ ಹಾಳೆ ತಾನಾಗೇ ಒಳಗೆ ಹೋಗಬೇಕು, ಆದರೆ ರಪ್ಪನೆ ಬಡಿಯಬಾರದು. ಅದೇ ಲೆಕ್ಕ. ಅಂಚಿನಲ್ಲಿ ಬಿಟ್ಟುಕೊಂಡಿದ್ದ ರೆಕ್ಸಿನ್‌ಗೂ ಹೊಲಿಗೆ ಬಿತ್ತು. ಎರಡು ದಿನದ ಕೆಲಸ. ಇವತ್ತಿಗೂ ಪರದೆ ಸರಿಯಾಗಿದೆ.

ಇದು ಬರೀ ಜುಗಾಡ್ ಅಲ್ಲ

ಇಂಥ ಕತೆ ಕೇಳಿದಾಗ ನಾವು ‘ನಮ್ ಜನ ಬುದ್ಧಿವಂತರು’ ಅಂತ ಹೊಗಳಿ ಸುಮ್ಮನಾಗ್ತೀವಿ. ಆದರೆ ಅಂಗಡಿ ಶಟರಿನ ಸ್ಪ್ರಿಂಗ್ ಬಿಡಿಯಾಗಿ ಸಿಗುತ್ತೆ, ಅದನ್ನು ಹಾಕೋದೇ ಕಸುಬಾಗಿರುವ ಜನ ಪ್ರತಿ ಊರಲ್ಲೂ ಇದ್ದಾರೆ. ಅದೇ ತತ್ವದ ಕಾರಿನ ಪರದೆಗೆ ಮಾತ್ರ ಯಾಕೆ ಸಿಗಲ್ಲ? ತಾಂತ್ರಿಕ ಕಾರಣ ಇಲ್ಲ. ಯಾವುದನ್ನು ಬಿಡಿಯಾಗಿ ಮಾರಬೇಕು, ಯಾವುದನ್ನು ಇಡಿಯಾಗಿ ಮಾರಬೇಕು ಅಂತ ತೀರ್ಮಾನಿಸುವ ಅಧಿಕಾರ ಒಂದೇ ಕೈಯಲ್ಲಿದೆ, ಅಷ್ಟೇ.

ಈ ಅಧಿಕಾರವನ್ನು ಪ್ರಶ್ನಿಸಿದ ಉದಾಹರಣೆ ನಮ್ಮಲ್ಲೇ ಇದೆ. ಗ್ರಾಹಕರೊಬ್ಬರ ದೂರಿನಿಂದ ಶುರುವಾದ ಪ್ರಕರಣದಲ್ಲಿ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಬಿಡಿಭಾಗಗಳನ್ನು ಮುಕ್ತ ಮಾರುಕಟ್ಟೆಗೆ ಬಿಡದೆ, ಹೊರಗಿನ ಗ್ಯಾರೇಜುಗಳಿಗೆ ಮಾಹಿತಿ ಮತ್ತು ಉಪಕರಣ ಕೊಡದೆ ಸ್ಪರ್ಧೆಯನ್ನು ಕೊಂದಿದ್ದೀರಿ ಅನ್ನೋದು ಆಯೋಗದ ತೀರ್ಮಾನ. ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿ ರದ್ದು ಮಾಡುವ ಷರತ್ತೂ ಸಲ್ಲದು ಎಂದಿತು. ಕಂಪನಿಗಳು ಮೇಲ್ಮನವಿಗೆ ಹೋದವು, ದಂಡದ ಲೆಕ್ಕ ಬದಲಾಯಿತು, ವ್ಯಾಜ್ಯ ವರ್ಷಗಟ್ಟಲೆ ಎಳೆಯಿತು.

2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿ ಹಕ್ಕು’ ಕುರಿತು ಸಮಿತಿ ರಚಿಸಿತು. ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹಬಳಕೆ ವಸ್ತುಗಳ ಜೊತೆ ವಾಹನಗಳೂ ಅದರ ಪಟ್ಟಿಯಲ್ಲಿದ್ದವು. ಅದೇ ಡಿಸೆಂಬರ್‌ನಲ್ಲಿ ಪೋರ್ಟಲ್ ಕೂಡ ಬಂತು. ಆದರೆ ಕಂಪನಿ ತಾನಾಗಿ ಮಾಹಿತಿ ಹಾಕುವ ಪೋರ್ಟಲ್ ಬೇರೆ, ಹಾಕಲೇಬೇಕೆನ್ನುವ ಕಾನೂನು ಬೇರೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲೇ ವಾಹನ ರಿಪೇರಿ ಹಕ್ಕಿನ ಪರವಾಗಿ ಮತ ಹಾಕಿದ್ದರು. ನಮ್ಮಲ್ಲಿ ಅದು ಇನ್ನೂ ಚುನಾವಣೆಯ ವಿಷಯವೇ ಆಗಿಲ್ಲ.

ಕಂಪನಿಗಳ ವಾದವೂ ಇದೆ: ಸಿಕ್ಕಸಿಕ್ಕವರು ಕೈಹಾಕಿದರೆ ಸುರಕ್ಷತೆ ಏನಾಗಬೇಕು? ಏರ್‌ಬ್ಯಾಗ್, ಬ್ರೇಕ್ ವಿಷಯದಲ್ಲಿ ಈ ಮಾತಿಗೆ ತೂಕ ಇದೆ. ಅದಕ್ಕೆ ಪರಿಹಾರ ತರಬೇತಿ, ಗುಣಮಟ್ಟದ ಮಾನದಂಡ. ಆದರೆ ಸಾಮಾನು ಮುಚ್ಚುವ ರೆಕ್ಸಿನ್ ಹಾಳೆಗೂ ಅದೇ ನೆಪ ಹೇಳಿದರೆ ಒಪ್ಪೋದು ಹೇಗೆ?

ಇಲ್ಲಿ ಪಣಕ್ಕಿಟ್ಟಿರೋದು ಮಾವನ ಕಾರೊಂದೇ ಅಲ್ಲ. ಬನ್ನಿಮಂಟಪದ ಹೊಲಿಗೆಯವರು, ಹೆಬ್ಬಾಳದ ಲೇತ್‌ನವರು ಮಾಡುವ ಕೆಲಸಕ್ಕೆ ಬೇಕಾದ ಅಳತೆ, ನಕ್ಷೆ, ಬಿಡಿಭಾಗ ಯಾವುದನ್ನೂ ಕೊಡದೆ, ಕೊನೆಗೆ ಅವರನ್ನೇ ‘ಅನಧಿಕೃತ’ ಅಂತ ಕರೀತೀವಿ. ದುಡ್ಡು ಕೊಟ್ಟು ಕೊಂಡ ವಸ್ತುವನ್ನು ಬಿಚ್ಚಿ ಸರಿಮಾಡಿಸಿಕೊಳ್ಳೋದು ಹಕ್ಕಾದರೆ, ಅದನ್ನು ಸರಿಮಾಡುವವರ ಕಸುಬಿಗೂ ಆ ಹಕ್ಕಿನ ರಕ್ಷಣೆ ಸಿಗಬೇಕು. ಮುಂದಿನ ಸಲ ಯಾರಾದರೂ ‘ಬಿಡಿಯಾಗಿ ಬರಲ್ಲ’ ಅಂದ್ರೆ, ‘ಯಾಕೆ ಬರಲ್ಲ, ಬರೆದು ಕೊಡಿ’ ಅಂತ ಕೇಳಿ. ಆ ಕಾಗದ ಹಿಡಿದು ಗ್ರಾಹಕ ಆಯೋಗಕ್ಕೂ ಹೋಗಬಹುದು, ಮತ ಕೇಳಲು ಬಂದವರ ಮುಂದೆಯೂ ಇಡಬಹುದು.