ಇಂಗ್ಲೆಂಡಿನ ಸಾರ್ವಜನಿಕ ವಸತಿಗಳ ಹಂಚಿಕೆ: ಅರ್ಜಿದಾರನ ಆಯ್ಕೆ ಮತ್ತು ಡಿಜಿಟಲ್ ವ್ಯವಸ್ಥೆ

ಬಡವರ ವಾಸಕ್ಕೆಂದು ಸರ್ಕಾರವು ಮನೆಗಳನ್ನು ಕಟ್ಟಿಸುವುದು ಒಂದು ಕಾರ್ಯ. ಕಟ್ಟಿಸಿದ ಮನೆಗಳಲ್ಲಿ ಯಾವುದು ಯಾರಿಗೆ ಸಲ್ಲಬೇಕೆಂದು ನಿರ್ಣಯಿಸುವುದು ಅದಕ್ಕಿಂತ ಭಿನ್ನವಾದ ಮತ್ತೊಂದು ಕಾರ್ಯ. ಮೊದಲನೆಯದರ ಇತಿಹಾಸವು ಆಧುನಿಕ ಇಂಗ್ಲೆಂಡಿನ ಚರಿತ್ರೆಯ ಪಾಠಗಳಲ್ಲಿ ಸ್ವಲ್ಪಮಟ್ಟಿಗಾದರೂ ಸ್ಥಾನ ಪಡೆದಿದೆ. 1919ರ ಗೃಹನಿರ್ಮಾಣ ಶಾಸನವನ್ನೂ, ಅದನ್ನು ತಂದ ಆರೋಗ್ಯ ಸಚಿವ ಕ್ರಿಸ್ಟಫರ್ ಅಡಿಸನ್ನನ ಹೆಸರನ್ನೂ ನಮ್ಮ ವಿದ್ಯಾರ್ಥಿಗಳು ಬಲ್ಲರು. ಎರಡನೆಯದರ ಇತಿಹಾಸವಾದರೋ ಕಚೇರಿಯ ಕಡತಗಳಲ್ಲಿಯೇ ಉಳಿದುಹೋಗಿದೆ. ಹಂಚಿಕೆಯ ಈ ಕಾರ್ಯವು ಅಧಿಕಾರಿಯ ಮೇಜಿನಿಂದ ಹೊರಬಂದು, 2000ದ ಈಚೆಗೆ ಗಣಕಯಂತ್ರ ಮತ್ತು ಅಂತರಜಾಲಗಳ ಮೂಲಕ ಅರ್ಜಿದಾರನ ಕೈಗೆ ಎಷ್ಟರಮಟ್ಟಿಗೆ ಬಂದಿತೆಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲು ಯತ್ನಿಸುತ್ತೇವೆ.

ಮೊದಲು ವಿಷಯದ ವ್ಯಾಪ್ತಿಯನ್ನು ತಿಳಿಸುವುದು ಅವಶ್ಯಕ. ಇಂಗ್ಲೆಂಡಿನಲ್ಲಿ ‘ಸಾಮಾಜಿಕ ವಸತಿ’ ಎಂದರೆ ಸ್ಥಳೀಯ ಕೌನ್ಸಿಲುಗಳೂ, ಲಾಭದ ಉದ್ದೇಶವಿಲ್ಲದ ವಸತಿ ಸಂಘಗಳೂ ಮಾರುಕಟ್ಟೆಯ ದರಕ್ಕಿಂತ ಕಡಮೆ ಬಾಡಿಗೆಗೆ ಕೊಡುವ ಮನೆಗಳು. ಇಂದು ಇಂತಹ ಮನೆಗಳು ಅಲ್ಲಿ ಸುಮಾರು 40 ಲಕ್ಷದಷ್ಟಿವೆ. ಆರು ಕುಟುಂಬಗಳಲ್ಲಿ ಒಂದು ಕುಟುಂಬವು ಇವುಗಳಲ್ಲಿ ವಾಸಿಸುತ್ತದೆ. ಹಿಂದೆ ಈ ಪ್ರಮಾಣವು ಇನ್ನೂ ಹೆಚ್ಚಾಗಿದ್ದಿತು. 1980ರ ಶಾಸನವು ಬಾಡಿಗೆದಾರರಿಗೆ ತಾವಿರುವ ಮನೆಯನ್ನು ರಿಯಾಯಿತಿ ಬೆಲೆಗೆ ಕೊಂಡುಕೊಳ್ಳುವ ಹಕ್ಕನ್ನು ನೀಡಿದ ತರುವಾಯ ಕೌನ್ಸಿಲುಗಳ ಮನೆಗಳು ಲಕ್ಷಗಟ್ಟಲೆಯಾಗಿ ಮಾರಾಟವಾದವು. ಮಾರಿದಷ್ಟನ್ನು ಮರಳಿ ಕಟ್ಟಲಿಲ್ಲ. ಮುಂದೆ ಹೇಳುವ ಎಲ್ಲ ಸಂಗತಿಗಳ ಹಿಂದೆಯೂ ಈ ಕೊರತೆಯಿದೆ ಎಂಬುದನ್ನು ಓದುಗರು ಮರೆಯಬಾರದು.

ಹಳೆಯ ಹಂಚಿಕೆಯ ಕ್ರಮ ಹೀಗಿತ್ತು: ಮನೆ ಬೇಕಾದವನು ಕೌನ್ಸಿಲಿಗೆ ಅರ್ಜಿ ಕೊಡುವನು, ಅವನ ಹೆಸರು ಕಾಯುವವರ ಪಟ್ಟಿಯನ್ನು ಸೇರುವುದು. ಕೆಲವು ಕಡೆ ಅರ್ಜಿಯ ದಿನಾಂಕವನ್ನೇ ಅನುಸರಿಸುತ್ತಿದ್ದರು. ಎರಡನೆಯ ಮಹಾಯುದ್ಧದ ಅನಂತರ ಅನೇಕ ಕೌನ್ಸಿಲುಗಳು, ಇಕ್ಕಟ್ಟು, ರೋಗ, ಮಕ್ಕಳ ಸಂಖ್ಯೆ ಮೊದಲಾದವುಗಳಿಗೆ ಅಂಕಗಳನ್ನು ಕೊಟ್ಟು ಕೂಡಿಸುವ ಪದ್ಧತಿಯನ್ನು ಕೈಕೊಂಡವು. ಮನೆಯೊಂದು ತೆರವಾದಾಗ ಪಟ್ಟಿಯನ್ನು ನೋಡಿ, ಅದಕ್ಕೆ ತಕ್ಕವರಾರೆಂದು ಅಧಿಕಾರಿಯು ತೀರ್ಮಾನಿಸುತ್ತಿದ್ದನು. ಅರ್ಜಿದಾರನಿಗೆ ಪತ್ರವು ಬರುವುದು. ಅವನು ಒಪ್ಪಬಹುದು, ಇಲ್ಲವೆ ತಿರಸ್ಕರಿಸಬಹುದು. ಎರಡು ಮೂರು ಬಾರಿ ತಿರಸ್ಕರಿಸಿದವನು ಪಟ್ಟಿಯಲ್ಲಿ ಕೆಳಕ್ಕಿಳಿಯುವನು. ತನಗಿಂತ ಮುಂದೆ ಎಷ್ಟು ಜನರಿದ್ದಾರೆ, ಪಕ್ಕದ ಬೀದಿಯ ಮನೆ ಯಾರಿಗೆ ಹೋಯಿತು, ಏಕೆ ಹೋಯಿತು ಎಂಬುದು ಅವನಿಗೆ ತಿಳಿಯುವ ಮಾರ್ಗವಿರಲಿಲ್ಲ.

ಇಷ್ಟೇ ಆಗಿದ್ದರೆ ಇದನ್ನು ಕೇವಲ ಕಚೇರಿಯ ನಿಧಾನವೆಂದು ಬಿಡಬಹುದಾಗಿತ್ತು. ಆದರೆ ಅನೇಕ ಕೌನ್ಸಿಲುಗಳು ಅರ್ಜಿದಾರರ ಮನೆಗೆ ಒಬ್ಬ ಸಂದರ್ಶಕಿಯನ್ನು ಕಳುಹಿಸುತ್ತಿದ್ದವು. ಗೃಹಕೃತ್ಯ ಎಷ್ಟು ಅಚ್ಚುಕಟ್ಟಾಗಿದೆ, ಒಳಗಿನ ಸಾಮಾನುಗಳು ಹೇಗಿವೆ, ಗೃಹಿಣಿಯ ನಡತೆಯೇನು ಎಂಬುದನ್ನು ಆಕೆ ಗುರುತುಹಾಕಿಕೊಂಡು ಬರುವಳು. ಒಳ್ಳೆಯ ಗುರುತು ಬಿದ್ದವರಿಗೆ ಹೊಸ ಮನೆ. ಉಳಿದವರಿಗೆ ಹಳೆಯದು, ಅಥವಾ ಮುಂದೆ ಕೆಡವಲಿರುವ ಬೀದಿಯದು. 1969ರಲ್ಲಿ ಪ್ರಕಟವಾದ ಕಲಿಂಗ್‌ವರ್ತ್ ಸಮಿತಿಯ ವರದಿಯು ಈ ವರ್ಗೀಕರಣವನ್ನು ಖಂಡಿಸಿತು. ಅದಕ್ಕೆ ಎರಡು ವರ್ಷ ಮೊದಲು, 1967ರಲ್ಲಿ, ಜಾನ್ ರೆಕ್ಸ್ ಮತ್ತು ರಾಬರ್ಟ್ ಮೂರ್ ಎಂಬ ಸಮಾಜಶಾಸ್ತ್ರಜ್ಞರು ಬರ್ಮಿಂಗ್‌ಹ್ಯಾಮಿನ ಸ್ಪಾರ್ಕ್‌ಬ್ರೂಕ್ ಎಂಬ ಪ್ರದೇಶವನ್ನು ಕುರಿತ ತಮ್ಮ ಗ್ರಂಥದಲ್ಲಿ, ನಗರದಲ್ಲಿ ಐದು ವರ್ಷ ವಾಸವಿದ್ದವರಿಗೆ ಮಾತ್ರ ಕೌನ್ಸಿಲಿನ ಮನೆ ಎಂಬ ನಿಯಮವು ಹೊರದೇಶಗಳಿಂದ ಬಂದು ನೆಲಸಿದವರನ್ನು ಹೇಗೆ ಹೊರಗಿಟ್ಟಿತೆಂದು ತೋರಿಸಿದ್ದರು. ಲಂಡನ್ನಿನ ಹ್ಯಾಕ್‌ನಿಯಲ್ಲಿ ಜನಾಂಗ ಸಮಾನತಾ ಆಯೋಗವು ವಿಚಾರಣೆ ನಡೆಸಿ 1984ರಲ್ಲಿ ಹೊರತಂದ ವರದಿ ಇನ್ನೂ ಗಂಭೀರವಾದುದು. ಸಮಾನ ಸ್ಥಿತಿಯ ಅರ್ಜಿದಾರರಲ್ಲಿ ಬಿಳಿಯರಿಗೆ ಉತ್ತಮ ಮನೆಗಳೂ, ಕರಿಯರಿಗೆ ಕೀಳುತರದ ಮನೆಗಳೂ ದೊರೆತಿದ್ದುವೆಂದು ಅಂಕಿ ಅಂಶಗಳಿಂದ ಅಲ್ಲಿ ಸಿದ್ಧಪಟ್ಟಿತು. ನಿಯಮಾವಳಿಯಲ್ಲಿ ವರ್ಣದ ಹೆಸರೇ ಇರಲಿಲ್ಲ. ಮುಚ್ಚಿದ ಕೋಣೆಯಲ್ಲಿ, ಅನೇಕ ಕೈಗಳಿಂದ, ಸಣ್ಣ ಸಣ್ಣ ತೀರ್ಮಾನಗಳಾಗಿ ಆ ಭೇದವು ಒಟ್ಟುಗೂಡಿತ್ತು. ಹಂಚಿಕೆಯ ಪ್ರಶ್ನೆಯು ಆಡಳಿತದ ಸೂಕ್ಷ್ಮಗಳಿಗೆ ಸೇರಿದ ಸಣ್ಣ ವಿಷಯವೆಂದು ಭಾವಿಸುವವರು ಈ ವರದಿಯನ್ನು ಅವಶ್ಯವಾಗಿ ಓದಬೇಕು.

ಇದಕ್ಕೆ ಪರಿಹಾರದ ದಾರಿ ತೋರಿದ್ದು ಇಂಗ್ಲೆಂಡಲ್ಲ, ಹಾಲೆಂಡಿನ ಡೆಲ್ಫ್ಟ್ ನಗರ. ಅಧಿಕಾರಿಯು ಮನೆಯನ್ನು ಆರಿಸಿ ಕೊಡುವ ಬದಲು, ತೆರವಾದ ಮನೆಗಳನ್ನೆಲ್ಲ ಪತ್ರಿಕೆಯಲ್ಲಿ ಜಾಹೀರುಪಡಿಸಿ, ಬೇಕಾದವರೇ ಚೀಟಿ ತುಂಬಿ ಕೋರಿಕೊಳ್ಳುವ ಕ್ರಮವನ್ನು ಆ ನಗರವು 1990ರಲ್ಲಿ ಪ್ರಾರಂಭಿಸಿತು. ಕೋರಿದವರೊಳಗೆ ಮೊದಲಿಗನಾರೆಂಬುದನ್ನು ವಯಸ್ಸು, ಈಗಿರುವ ಮನೆಯಲ್ಲಿ ವಾಸಿಸಿದ ಅವಧಿ ಮೊದಲಾದ ಸರಳವಾದ ಅಳತೆಗಳಿಂದ ನಿರ್ಣಯಿಸಿ, ಫಲಿತಾಂಶವನ್ನು ಮತ್ತೆ ಪ್ರಕಟಿಸುತ್ತಿದ್ದರು. ಹತ್ತು ವರ್ಷಗಳೊಳಗಾಗಿ ಹಾಲೆಂಡಿನ ಬಹುತೇಕ ಪೌರಸಭೆಗಳು ಇದನ್ನು ಅನುಸರಿಸಿದವು. ಇಲ್ಲಿ ಒಂದು ಅಂಶ ಗಮನಾರ್ಹ: ಈ ಪದ್ಧತಿಯು ಹುಟ್ಟಿದಾಗ ಅದಕ್ಕೆ ಬೇಕಾಗಿದ್ದುದು ವೃತ್ತಪತ್ರಿಕೆ ಮತ್ತು ಅಂಚೆ ಮಾತ್ರ. ಯಂತ್ರವು ಆಲೋಚನೆಯನ್ನು ಹಿಂಬಾಲಿಸಿತೇ ಹೊರತು ಅದಕ್ಕೆ ಜನ್ಮ ಕೊಡಲಿಲ್ಲ.

ಇಂಗ್ಲೆಂಡಿನಲ್ಲಿ 2000ದ ಏಪ್ರಿಲಿನಲ್ಲಿ ಸರ್ಕಾರವು ಪ್ರಕಟಿಸಿದ ವಸತಿ ನೀತಿಯ ಕರಡು ಈ ಕ್ರಮವನ್ನು ಶಿಫಾರಸು ಮಾಡಿತು. ಲೆಸ್ಟರ್‌ಷೈರಿನ ಹಾರ್ಬರೊ ಕೌನ್ಸಿಲು ಅದೇ ವರ್ಷದಲ್ಲಿ ಮುಂದಾಗಿ ಕಾರ್ಯಾರಂಭ ಮಾಡಿತು. 2001ರಿಂದ 2003ರವರೆಗೆ 27 ಪ್ರಯೋಗಗಳಿಗೆ ಸರ್ಕಾರವು 130 ಲಕ್ಷ ಪೌಂಡುಗಳ ನೆರವು ನೀಡಿತು. ಪ್ರತಿಯೊಂದು ಕೌನ್ಸಿಲೂ ಅರ್ಜಿದಾರರಿಗೆ ಆಯ್ಕೆಯನ್ನು ಕೊಡುವ ವಿಷಯದಲ್ಲಿ ತನ್ನ ನೀತಿಯೇನೆಂಬುದನ್ನು ಬರೆದು ಪ್ರಕಟಿಸಬೇಕೆಂದು 2002ರ ಶಾಸನವು ವಿಧಿಸಿತು. 2010ರೊಳಗೆ ಎಲ್ಲ ಕೌನ್ಸಿಲುಗಳೂ ಈ ಪದ್ಧತಿಗೆ ಬರಬೇಕೆಂಬ ಗುರಿಯನ್ನು ಅನಂತರ ಇಟ್ಟರು.

ಪದ್ಧತಿಯು ನಡೆಯುವ ಬಗೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಅರ್ಜಿದಾರನು ಮೊದಲು ನೋಂದಾಯಿಸಿಕೊಳ್ಳಬೇಕು. ಅವನ ಅವಶ್ಯಕತೆಯನ್ನು ಪರಿಶೀಲಿಸಿ ಕೌನ್ಸಿಲು ಅವನನ್ನು ಮೂರು ನಾಲ್ಕು ಶ್ರೇಣಿಗಳಲ್ಲಿ ಒಂದಕ್ಕೆ ಸೇರಿಸುತ್ತದೆ. ಬಳಿಕ, ಸಾಮಾನ್ಯವಾಗಿ ವಾರಕ್ಕೊಮ್ಮೆ, ತೆರವಾದ ಮನೆಗಳ ವಿವರ ಜಾಲತಾಣದಲ್ಲಿ ಪ್ರಕಟವಾಗುತ್ತದೆ: ಬೀದಿ, ಅಂತಸ್ತು, ಕೋಣೆಗಳ ಸಂಖ್ಯೆ, ಬಾಡಿಗೆ, ಗಾಲಿಕುರ್ಚಿಗೆ ಅನುಕೂಲವಿದೆಯೆ ಎಂಬ ಸೂಚನೆ, ಎಷ್ಟು ಜನರ ಕುಟುಂಬಕ್ಕೆ ತಕ್ಕುದೆಂಬ ನಿರ್ದೇಶ. ನಿಗದಿಯಾದ ದಿನದೊಳಗೆ ಅರ್ಜಿದಾರನು ತನಗೆ ಒಪ್ಪಿಗೆಯಾದ ಎರಡು ಮೂರು ಮನೆಗಳಿಗೆ ಕೋರಿಕೆ ಸಲ್ಲಿಸಬಹುದು. ಇಂಗ್ಲಿಷಿನಲ್ಲಿ ಇದಕ್ಕೆ ‘ಬಿಡ್’ ಎಂಬ ಮಾತು ಬಳಕೆಯಲ್ಲಿದೆ. ಹರಾಜಿನ ಸವಾಲಿಗೂ ಅದೇ ಮಾತೇ ಆದುದರಿಂದ, ಹೆಚ್ಚು ಹಣ ಕೂಗಿದವನಿಗೆ ಮನೆ ಎಂದು ಹೊಸಬರು ತಪ್ಪು ತಿಳಿಯಲು ಎಡೆಯಿದೆ. ಇಲ್ಲಿ ಹಣದ ಪ್ರಸಕ್ತಿಯೇ ಇಲ್ಲ. ಅವಧಿ ಮುಗಿದ ಮೇಲೆ ಗಣಕಯಂತ್ರವು ಕೋರಿಕೆಗಳನ್ನು ಮೊದಲು ಶ್ರೇಣಿಯಿಂದ, ಒಂದೇ ಶ್ರೇಣಿಯಲ್ಲಿ ಕಾದ ಕಾಲದಿಂದ, ಕ್ರಮಪಡಿಸುತ್ತದೆ. ಮೊದಲಿಗನಿಗೆ ಮನೆಯನ್ನು ತೋರಿಸುತ್ತಾರೆ. ಅವನು ಬೇಡವೆಂದರೆ ಎರಡನೆಯವನಿಗೆ. ಕೊನೆಗೆ, ಆ ಮನೆಗೆ ಎಷ್ಟು ಕೋರಿಕೆಗಳು ಬಂದವು, ಪಡೆದವನ ಶ್ರೇಣಿ ಯಾವುದು, ಅವನು ಯಾವ ದಿನಾಂಕದಿಂದ ಕಾದಿದ್ದನು ಎಂಬುದನ್ನು ಹೆಸರಿಲ್ಲದೆ ಪ್ರಕಟಿಸುತ್ತಾರೆ.

ಈ ಕೊನೆಯ ಅಂಗವೇ ಇಡೀ ಪದ್ಧತಿಯಲ್ಲಿ ಹೆಚ್ಚು ಬೆಲೆಯುಳ್ಳದ್ದೆಂದು ನಮ್ಮ ಅಭಿಪ್ರಾಯ. ‘ಆಯ್ಕೆ’ ಎಂಬ ಶಬ್ದಕ್ಕೆ ಸರ್ಕಾರಗಳು ಬಹಳ ಪ್ರಚಾರ ಕೊಟ್ಟವು. ಆದರೆ ಒಂದು ಮನೆಗೆ ನೂರು ಕೋರಿಕೆಗಳು ಬರುವಲ್ಲಿ ತೊಂಬತ್ತೊಂಬತ್ತು ಜನರ ಆಯ್ಕೆಯು ಆಯ್ಕೆಯಾಗಿಯೇ ಉಳಿಯುತ್ತದೆ. ಫಲಿತಾಂಶದ ಪಟ್ಟಿಯಾದರೋ ಆ ತೊಂಬತ್ತೊಂಬತ್ತು ಜನರಿಗೂ ಏನನ್ನೋ ಕೊಡುತ್ತದೆ. ಈ ಬಡಾವಣೆಯ ಮೂರು ಕೋಣೆಯ ಮನೆಗೆ ಎರಡನೆಯ ಶ್ರೇಣಿಯವರೂ ಎಂಟು ವರ್ಷ ಕಾಯಬೇಕಾಗಿದೆ, ಆಚೆಯ ಬಡಾವಣೆಯ ಮಹಡಿಮನೆಗೆ ಎರಡು ವರ್ಷ ಸಾಕು ಎಂದು ಕಂಡುಕೊಂಡ ಕುಟುಂಬವು ಕಾಯುವುದೋ, ಅಳತೆ ತಗ್ಗಿಸಿಕೊಳ್ಳುವುದೋ ಎಂದು ತಾನೇ ಯೋಚಿಸಬಲ್ಲದು. ಹ್ಯಾಕ್‌ನಿಯ ಅನ್ಯಾಯವನ್ನು ಹೊರಗೆಡಹಲು ಒಂದು ಆಯೋಗವೇ ಬೇಕಾಯಿತೆಂಬುದನ್ನು ಇದರೊಡನೆ ಹೋಲಿಸಿ ನೋಡಬೇಕು.

ಹೆರಿಯಟ್-ವಾಟ್ ವಿಶ್ವವಿದ್ಯಾನಿಲಯದ ಹಾಲ್ ಪಾಸನ್ ಮತ್ತು ಸಂಗಡಿಗರು ಸರ್ಕಾರಕ್ಕಾಗಿ ನಡೆಸಿದ 2006ರ ಅಧ್ಯಯನವು ಹೊಸ ಪದ್ಧತಿಗೆ ಒಟ್ಟಿನಲ್ಲಿ ಅನುಕೂಲವಾಗಿಯೇ ಇದ್ದಿತು. ನಿರಾಶ್ರಿತ ಕುಟುಂಬಗಳು ಹಿಂದೆ ಬೀಳುವುವೆಂಬ ಭಯವನ್ನು ಅವರು ಪರಿಶೀಲಿಸಿದ ಪ್ರದೇಶಗಳ ಅಂಕಿಗಳು ಸಮರ್ಥಿಸಲಿಲ್ಲ. ತಾವೇ ಆರಿಸಿಕೊಂಡ ಮನೆಯಲ್ಲಿ ಜನ ಹೆಚ್ಚು ಕಾಲ ನಿಲ್ಲುವರೆಂಬುದಕ್ಕೂ ಆಧಾರ ಸಿಕ್ಕಿತು.

ಆದರೆ ಆಯ್ಕೆಗೂ ಅವಶ್ಯಕತೆಗೂ ಇರುವ ತೊಡಕು ಮಾತ್ರ ಬಿಡಲಿಲ್ಲ. ಅದು ನ್ಯಾಯಾಲಯಗಳನ್ನು ಮುಟ್ಟಿತು. ಲಂಡನ್ನಿನ ಲ್ಯಾಂಬೆತ್ ಕೌನ್ಸಿಲು ತನ್ನ ಯೋಜನೆಯಲ್ಲಿ ಅರ್ಜಿದಾರರನ್ನು ವಿಶಾಲವಾದ ಗುಂಪುಗಳಲ್ಲಿ ಸೇರಿಸಿ, ಯಾರ ಕಷ್ಟ ಎಷ್ಟೆಂಬುದನ್ನು ಬಹುಮಟ್ಟಿಗೆ ಅವರವರ ಎಣಿಕೆಗೇ ಬಿಟ್ಟಿತ್ತು: ಕಷ್ಟ ಹೆಚ್ಚಿದ್ದವನು ಬೇಡಿಕೆ ಕಡಮೆಯಿರುವ ಮನೆಯನ್ನು ಕೋರಿ ಬೇಗ ಪಡೆಯುವನೆಂಬುದು ಇದರ ತರ್ಕ. 2002ರಲ್ಲಿ ಅಪೀಲು ನ್ಯಾಯಾಲಯವು ಇದನ್ನು ಕಾನೂನಿಗೆ ವಿರುದ್ಧವೆಂದು ತಳ್ಳಿಹಾಕಿತು. ಹೆಚ್ಚು ಕಷ್ಟದಲ್ಲಿರುವವನೇ ಹೆಚ್ಚು ಕೆಟ್ಟ ಮನೆಗೆ ಒಪ್ಪಬೇಕಾಗುವ ಈ ತರ್ಕವು ನಮಗೂ ಕ್ರೂರವಾಗಿ ತೋರುತ್ತದೆ. ಏಳು ವರ್ಷಗಳ ತರುವಾಯ, ನ್ಯೂಹ್ಯಾಮ್ ಕೌನ್ಸಿಲಿನ ಪ್ರಕರಣದಲ್ಲಿ, ಆದ್ಯತೆಯ ಗುಂಪಿನೊಳಗೆ ಕಾದ ಕಾಲವನ್ನೇ ಅಳತೆಯಾಗಿ ಇಟ್ಟುಕೊಳ್ಳುವುದು ತಪ್ಪಲ್ಲವೆಂದು ಲಾರ್ಡ್ಸ್ ಸಭೆಯ ನ್ಯಾಯಮೂರ್ತಿಗಳು 2009ರ ಮಾರ್ಚಿಯಲ್ಲಿ ತೀರ್ಪಿತ್ತರು. ಸರಳತೆ ಮತ್ತು ಪಾರದರ್ಶಕತೆಗಳಿಗಾಗಿ ಸೂಕ್ಷ್ಮವಾದ ತೂಕವನ್ನು ಸ್ವಲ್ಪ ಬಿಟ್ಟುಕೊಡಬಹುದೆಂಬುದು ಇದರಿಂದ ಸ್ಥಿರಪಟ್ಟಿತು.

ಮತ್ತೊಂದು ಆಕ್ಷೇಪಣೆ ಸಾಧನವನ್ನೇ ಕುರಿತದ್ದು. 2006ರಲ್ಲಿ ಅಲ್ಲಿನ ಮನೆಗಳಲ್ಲಿ ನೂರಕ್ಕೆ 57ರಷ್ಟಕ್ಕೆ ಮಾತ್ರ ಅಂತರಜಾಲದ ಸಂಪರ್ಕವಿತ್ತು. ಸಂಪರ್ಕವಿಲ್ಲದವರಲ್ಲಿ ವೃದ್ಧರೂ ಬಡವರೂ ಹೆಚ್ಚು, ಎಂದರೆ ಈ ಮನೆಗಳಿಗೆ ಅರ್ಜಿ ಹಾಕುವವರೇ ಹೆಚ್ಚು. ಆದಕಾರಣ ಮೊದಮೊದಲು ಮುದ್ರಿತ ಪತ್ರಿಕೆ, ದೂರವಾಣಿ, ಮೊಬೈಲ್ ಸಂದೇಶ, ಗ್ರಂಥಾಲಯದ ಗಣಕಯಂತ್ರ ಇವೆಲ್ಲವನ್ನೂ ಒಟ್ಟಿಗೆ ಇಟ್ಟಿದ್ದರು. ಕ್ರಮೇಣ ಮುದ್ರಿತ ಪಟ್ಟಿಗಳನ್ನು ಖರ್ಚಿನ ಕಾರಣದಿಂದ ಅನೇಕ ಕಡೆ ನಿಲ್ಲಿಸಿದರು. ವಾರವಾರವೂ ಪಟ್ಟಿ ನೋಡಿ ಕೋರಿಕೆ ಸಲ್ಲಿಸುವ ಶ್ರಮ ಅರ್ಜಿದಾರನ ಪಾಲಿಗೆ ಬಂದಿತು. ಹಿಂದೆ ಪತ್ರ ಬರುವವರೆಗೆ ಕಾದರೆ ಸಾಕಾಗಿತ್ತು. ಕಾಯಿಲೆಯವನು, ಅಕ್ಷರ ಬಾರದವನು, ಇಂಗ್ಲಿಷು ತಿಳಿಯದವನು ಸುಮ್ಮನಿದ್ದರೆ, ಅವನಿಗೆ ಮನೆ ಬೇಡವೆಂದು ಯಂತ್ರವು ಅರ್ಥಮಾಡಿಕೊಳ್ಳುತ್ತದೆ. ಇಂಥವರ ಪರವಾಗಿ ಯಂತ್ರವೇ ಕೋರಿಕೆ ಸಲ್ಲಿಸುವ ಏರ್ಪಾಡು ಹಲವೆಡೆ ಉಂಟು. ಆದರೆ ಆಗ ಅದು ಹೊಸ ವೇಷದ ಹಳೆಯ ಹಂಚಿಕೆಯೇ ಆಗುತ್ತದೆ.

2011ರ ಸ್ಥಳೀಯತಾ ಶಾಸನವು ಪಟ್ಟಿಗೆ ಯಾರು ಸೇರಬಹುದೆಂಬುದನ್ನು ನಿಗದಿಮಾಡುವ ಅಧಿಕಾರವನ್ನು ಕೌನ್ಸಿಲುಗಳಿಗೆ ಮರಳಿ ಕೊಟ್ಟಿತು. ಕನಿಷ್ಠ ಎರಡು ವರ್ಷದ ಸ್ಥಳೀಯ ವಾಸವನ್ನು ಕೇಳುವಂತೆ 2013ರಲ್ಲಿ ಸರ್ಕಾರವು ಪ್ರೋತ್ಸಾಹಿಸಿತು. ಬರ್ಮಿಂಗ್‌ಹ್ಯಾಮಿನ ಐದು ವರ್ಷದ ನಿಯಮ ಇಲ್ಲಿ ಯಾರಿಗಾದರೂ ನೆನಪಾಗದಿರದು. 2012ರಲ್ಲಿ ಸುಮಾರು 18.5 ಲಕ್ಷವಿದ್ದ ಕಾಯುವ ಕುಟುಂಬಗಳ ಸಂಖ್ಯೆ 2018ರಲ್ಲಿ 11.1 ಲಕ್ಷಕ್ಕಿಳಿಯಿತು. ಈ ಇಳಿತಕ್ಕೆ ಮನೆ ದೊರೆತದ್ದಕ್ಕಿಂತ ಪಟ್ಟಿಯಿಂದ ತೆಗೆದುಹಾಕಿದ್ದೇ ಹೆಚ್ಚು ಕಾರಣ. 2024ರ ಮಾರ್ಚಿ ಅಂತ್ಯಕ್ಕೆ ಅದು ಮತ್ತೆ 13.3 ಲಕ್ಷದಷ್ಟಾಗಿತ್ತು, ವರ್ಷಕ್ಕೆ ಹಂಚಿಕೆಯಾಗುವ ಮನೆಗಳು ಎರಡೂವರೆ ಲಕ್ಷದ ಆಸುಪಾಸು. ಈ ಮಧ್ಯೆ ಕೆಲವು ಕೌನ್ಸಿಲುಗಳು ಆಯ್ಕೆಯ ಪದ್ಧತಿಯನ್ನೇ ಬಿಟ್ಟು ನೇರ ಹಂಚಿಕೆಗೆ ಹಿಂದಿರುಗಿದವು. ಹಾಲೆಂಡಿನಲ್ಲಿಯೂ ಮೂಲಪದ್ಧತಿಯು ಉಳಿದಿಲ್ಲ: 2023ರ ಜನವರಿಯಿಂದ ಆಮ್‌ಸ್ಟರ್‌ಡಾಮ್ ಪ್ರದೇಶದಲ್ಲಿ ಕಾದ ಕಾಲಕ್ಕಷ್ಟೇ ಅಲ್ಲದೆ, ಕುಟುಂಬದ ವಿಶೇಷ ಪರಿಸ್ಥಿತಿಗೂ, ಬಿಡದೆ ಹುಡುಕಿದ ಶ್ರಮಕ್ಕೂ ಅಂಕಗಳನ್ನು ಕೊಡುತ್ತಿದ್ದಾರೆ. ಯುದ್ಧಾನಂತರದ ಇಂಗ್ಲೆಂಡಿನ ಅಂಕಪದ್ಧತಿಯು ಹೀಗೆ ಬೇರೊಂದು ದಾರಿಯಿಂದ ಮರಳಿ ಬಂದಂತಾಯಿತು.

ಈ ವಿಷಯದಲ್ಲಿ ಆಸಕ್ತರಾದ ವಿದ್ಯಾರ್ಥಿಗಳಿಗೆ ಒಂದು ಸೂಚನೆಯನ್ನು ಇಲ್ಲಿ ಕೊಡಬಹುದು. ಹಳೆಯ ಹಂಚಿಕೆಯ ಕಡತಗಳಲ್ಲಿ ವ್ಯಕ್ತಿಗಳ ಖಾಸಗಿ ವಿವರಗಳಿರುವುದರಿಂದ ಸಂಶೋಧಕನಿಗೆ ಅವು ಸುಲಭವಾಗಿ ಸಿಗುವಂತಹವಲ್ಲ. ಜಾಲತಾಣಗಳಲ್ಲಿ ಪ್ರಕಟವಾಗುವ ಹೆಸರಿಲ್ಲದ ಫಲಿತಾಂಶಗಳಾದರೋ ದೂರದಲ್ಲಿರುವವರಿಗೂ ದೊರೆಯುತ್ತವೆ. ಒಂದೇ ಕೌನ್ಸಿಲನ್ನು ಆರಿಸಿಕೊಂಡು, ಬೀದಿ, ಶ್ರೇಣಿ, ಕಾದ ದಿನಾಂಕ ಈ ಮೂರನ್ನು ಒಂದು ವರ್ಷಕಾಲ ವಾರವಾರವೂ ಬರೆದಿಟ್ಟುಕೊಂಡರೆ, ಯಾವ ಬಡಾವಣೆಯ ಮನೆ ಯಾವ ಶ್ರೇಣಿಯವರಿಗೆ ಎಷ್ಟು ಕಾಲದ ಮೇಲೆ ಸಲ್ಲುತ್ತಿದೆ ಎಂಬುದನ್ನು ಆಯೋಗದ ನೆರವಿಲ್ಲದೆಯೇ ಕಂಡುಕೊಳ್ಳಬಹುದು. ಪಡೆದವರ ಜನಾಂಗವಾಗಲಿ, ಕೋರಿಕೆಯನ್ನೇ ಸಲ್ಲಿಸಲಾರದೆ ಹೋದವರ ಸಂಖ್ಯೆಯಾಗಲಿ ಆ ಪಟ್ಟಿಯಲ್ಲಿ ಕಾಣಸಿಗುವುದಿಲ್ಲ; ಅದಕ್ಕೆ ಈಗಲೂ ಕೌನ್ಸಿಲಿನ ಬಾಗಿಲನ್ನೇ ತಟ್ಟಬೇಕು.