ವೈದ್ಯ ಮಕ್ಕಳೂ ಅಮೆರಿಕದ ಗ್ರೀನ್ ಕಾರ್ಡೂ

ಅಡಿಕೆ ತೂಕಕ್ಕೋ ಸಾಲದ ಕಂತಿಗೋ ಸಂಘದ ಕಚೇರಿಗೆ ಬರುವ ಸದಸ್ಯರಲ್ಲಿ ಕೆಲವರು ಈಚೆಗೆ ಬೇರೊಂದು ಪ್ರಶ್ನೆ ಕೇಳುತ್ತಾರೆ. "ಮಗಳು ಎಂ.ಬಿ.ಬಿ.ಎಸ್. ಮುಗಿಸಿ ಅಮೆರಿಕಕ್ಕೆ ಹೋಗಿದ್ದಾಳೆ. ಆಸ್ಪತ್ರೆಯವರೇ ಗ್ರೀನ್ ಕಾರ್ಡ್ ಮಾಡಿಸಿಕೊಡುತ್ತಾರಂತೆ. ಎಷ್ಟು ದಿನ ಹಿಡಿಯುತ್ತದೆ?" ಈ ಲೆಕ್ಕವನ್ನೇ ನಂಬಿ ತೋಟದ ಮೇಲೆ ಸಾಲ ಎತ್ತುವವರೂ ಇರಬಹುದಾದ್ದರಿಂದ ವಿಷಯವನ್ನು ಸ್ವಲ್ಪ ವಿವರವಾಗಿ ತಿಳಿಸುವುದು ಒಳ್ಳೆಯದು.

ಇಲ್ಲಿಯ ಪದವಿ ಪಡೆದವರು ಅಲ್ಲಿ ವೈದ್ಯರಾಗಲು ಪರೀಕ್ಷೆಗಳಲ್ಲಿ ತೇರ್ಗಡೆಯಾಗಿ, ಸಾಮಾನ್ಯವಾಗಿ 'ರೆಸಿಡೆನ್ಸಿ' ಎಂಬ ತರಬೇತಿಯನ್ನೂ ಮುಗಿಸಬೇಕು. ಜನರಲ್ ಮೆಡಿಸಿನ್‌ಗೆ 3 ವರ್ಷ, ಜನರಲ್ ಸರ್ಜರಿಗೆ 5 ವರ್ಷ. ಸಂಬಳ ಬರುತ್ತದೆ, ಆದರೆ ಅದು ಕಾಯಂ ಹುದ್ದೆಯಲ್ಲ. ಉದ್ಯೋಗದ ಮೂಲಕ ಗ್ರೀನ್ ಕಾರ್ಡ್ ಕೇಳುವುದಾದರೆ ಕಾಯಂ ಕೆಲಸವೊಂದು ಮುಂದಿರಬೇಕು. ಆದ್ದರಿಂದ ತರಬೇತಿ ಕೊಡುವ ಆಸ್ಪತ್ರೆಗಳು ಸಾಮಾನ್ಯವಾಗಿ ಇದಕ್ಕೆ ಕೈಹಾಕುವುದಿಲ್ಲ. ಮುಂದೆ ಕೆಲಸ ಕೊಡಲಿರುವ ಆಸ್ಪತ್ರೆ ಮೊದಲೇ ಆರಂಭಿಸಬಹುದು. ಅದು ಜಾಹೀರಾತು ಕೊಟ್ಟು, ಅರ್ಹ ಅಮೆರಿಕನ್ನರು ಸಿಗಲಿಲ್ಲವೆಂದು ಕಾರ್ಮಿಕ ಇಲಾಖೆಗೆ ತೋರಿಸಬೇಕು. ಹುದ್ದೆಗೆ ಬೇಕೆಂದು ಬರೆದ ಅರ್ಹತೆಗಳೆಲ್ಲ ಅಭ್ಯರ್ಥಿಗೆ ಅರ್ಜಿ ಹಾಕುವ ದಿನಕ್ಕೇ ಇರಬೇಕು.

ಎರಡನೆಯದು ವೀಸಾದ ಮಾತು. ತರಬೇತಿಗೆ ಹೋಗುವ ಹೆಚ್ಚಿನವರದು ಜೆ-1 ವೀಸಾ. ತರಬೇತಿ ಮುಗಿದ ಮೇಲೆ 2 ವರ್ಷ ಸ್ವದೇಶದಲ್ಲಿರಬೇಕೆಂಬುದು ಇದರ ಷರತ್ತು. ಅದು ತೀರುವವರೆಗೆ ಗ್ರೀನ್ ಕಾರ್ಡ್ ಕೈಗೆ ಬಾರದು. ವಿನಾಯಿತಿಗೆ 1994ರಲ್ಲಿ ಆರಂಭವಾದ ಕಾನ್ರಾಡ್ ಯೋಜನೆಯಿದೆ. ವೈದ್ಯರ ಕೊರತೆಯಿರುವ ಊರಿನಲ್ಲಿ 3 ವರ್ಷ ದುಡಿಯಲು ಒಪ್ಪಿದವರಿಗೆ ಪ್ರತಿ ರಾಜ್ಯವೂ ವರ್ಷಕ್ಕೆ 30 ಮಂದಿಯವರೆಗೆ ಶಿಫಾರಸು ಮಾಡಬಹುದು. ಎಚ್-1ಬಿ ವೀಸಾಕ್ಕೆ ಸ್ವದೇಶವಾಸದ ಷರತ್ತಿಲ್ಲ. ಆದರೆ ಅದರ ಮಿತಿ 6 ವರ್ಷ, ತರಬೇತಿಯ ಕಾಲವೂ ಅದರಲ್ಲೇ ಕಳೆಯುತ್ತದೆ. ಅಷ್ಟರಲ್ಲಿ ಗ್ರೀನ್ ಕಾರ್ಡಿನ ಮನವಿ ಮಂಜೂರಾಗಿದ್ದರೆ ಅವಧಿ ಮುಂದುವರಿಸಿಕೊಳ್ಳಬಹುದು. ಹೊರದೇಶದಿಂದ ಹೊಸದಾಗಿ ಕರೆಸಿಕೊಳ್ಳುವ ಎಚ್-1ಬಿ ನೌಕರರಿಗೆ 1,00,000 ಡಾಲರ್ ಶುಲ್ಕ ವಿಧಿಸಿ 2025ರ ಸೆಪ್ಟೆಂಬರಿನಲ್ಲಿ ಆದೇಶ ಹೊರಟಿದ್ದನ್ನೂ ಗಮನಿಸಬೇಕು.

ಎಲ್ಲಕ್ಕಿಂತ ದೊಡ್ಡ ತೊಡಕು ಸರದಿಯದು. ಉದ್ಯೋಗದ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 1,40,000 ಗ್ರೀನ್ ಕಾರ್ಡ್; ಹೆಂಡತಿ, ಗಂಡ, ಮಕ್ಕಳೂ ಇದರಲ್ಲೇ ಸೇರಿದ್ದಾರೆ. ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಸಾಮಾನ್ಯ ಮಿತಿ ಶೇ. 7. ವೈದ್ಯರು ಹೆಚ್ಚಾಗಿ ಸೇರುವ ಎರಡನೆಯ ವರ್ಗದಲ್ಲಿ ಭಾರತದವರ ಸರದಿ ಹತ್ತು ವರ್ಷಕ್ಕೂ ಮೀರಿದೆ. ಅರ್ಜಿಯ ತಾರೀಖೇ ಟೋಕನ್ ಇದ್ದಂತೆ. ಮನವಿ ಮಂಜೂರಾದ ಮೇಲೆ ಆಸ್ಪತ್ರೆ ಬದಲಿಸಿದರೂ ಆ ತಾರೀಖು ಸಾಮಾನ್ಯವಾಗಿ ಉಳಿಯುತ್ತದೆ. ಕೊರತೆಯ ಪ್ರದೇಶದಲ್ಲಿ 5 ವರ್ಷ ದುಡಿಯುವ ವೈದ್ಯರಿಗೆ 1999ರ ಕಾನೂನು ಕಾರ್ಮಿಕ ಇಲಾಖೆಯ ಹಂತವನ್ನು ತಪ್ಪಿಸಿದೆ; ಸರದಿಯನ್ನು ತಪ್ಪಿಸಿಲ್ಲ.

ಆದ್ದರಿಂದ ಮಕ್ಕಳು ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಮೂರು ಸಂಗತಿ ಬರಹದಲ್ಲಿ ಪಡೆಯಲಿ: ವೀಸಾ ಯಾವುದು, ಗ್ರೀನ್ ಕಾರ್ಡಿನ ಅರ್ಜಿ ಯಾವ ತಿಂಗಳು ಹಾಕುತ್ತಾರೆ, ಖರ್ಚು ಯಾರದು. ಅಲ್ಲಿಯ ವಲಸೆ ವಕೀಲರ ಸಲಹೆಯೂ ಅಗತ್ಯ.

ತಂದೆತಾಯಿಗಳಿಗೆ ಹೇಳುವುದಿಷ್ಟೆ. ಅಡಿಕೆ ಸಸಿ ನೆಟ್ಟು ಐದಾರು ವರ್ಷ ಕಾಯುವುದು ನಮಗೆ ಹೊಸದಲ್ಲ; ಇದು ಅದಕ್ಕಿಂತ ದೀರ್ಘವಾದ ಕಾಯುವಿಕೆ. ಗ್ರೀನ್ ಕಾರ್ಡ್ ಬಂದೇಬಿಟ್ಟಿತೆಂದು ತೋಟ ಮಾರುವುದಾಗಲಿ, ಮರುನಾಟಿ ನಿಲ್ಲಿಸುವುದಾಗಲಿ ಬೇಡ. ಸಾಲದ ಕಂತು ವರ್ಷವರ್ಷವೂ ಬರುತ್ತದೆ. ಅದನ್ನು ತೋಟದ ಹುಟ್ಟುವಳಿಯಿಂದ ತೀರಿಸಬಲ್ಲೆವೆಂದು ಕಂಡರೆ ಮಾತ್ರ ಸಾಲಕ್ಕೆ ಕೈಹಾಕುವುದು ಕ್ಷೇಮ.

— ಕಾರ್ಯದರ್ಶಿ